ವಾತ್ಸ್ಲವ್: ಒಂದು ಚೆಕ್ ಅಂಕಿತನಾಮದ ಧ್ವನಿಚರಿತ್ರೆ ಮತ್ತು ಅದನ್ನು ಹೊತ್ತವರು

ದ್ರಾವಿಡ ಭಾಷಾವಿಜ್ಞಾನವನ್ನು ಅಭ್ಯಾಸ ಮಾಡಿದವರಿಗೆಲ್ಲ ಕೆ. ವಿ. ಜ್ವೆಲೆಬಿಲ್ ಎಂಬ ಹೆಸರು ಪರಿಚಿತ. 1970ರ ತೌಲನಿಕ ದ್ರಾವಿಡ ಧ್ವನಿವಿಜ್ಞಾನದ ಗ್ರಂಥವನ್ನೂ ನೀಲಗಿರಿಯ ಇರುಳ ಭಾಷೆಯ ಅಧ್ಯಯನವನ್ನೂ ಉಲ್ಲೇಖಿಸದೆ ನಮ್ಮ ಕ್ಷೇತ್ರದಲ್ಲಿ ಪ್ರಬಂಧ ಬರೆಯುವುದು ಕಷ್ಟ. ದಕ್ಷಿಣ ಭಾರತದ ಓದುಗನ ಕಣ್ಣಿಗೆ ಆ ‘ಕೆ. ವಿ.’ ಊರಿನ ಹೆಸರೋ ತಂದೆಯ ಹೆಸರೋ ಇರಬೇಕೆಂಬಷ್ಟು ಸಹಜವಾಗಿ ತೋರುತ್ತದೆ. ವಾಸ್ತವದಲ್ಲಿ ‘ಕೆ’ ಎಂದರೆ ಕಮಿಲ್, ‘ವಿ’ ಎಂದರೆ ವಾತ್ಸ್ಲವ್. 1927ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿದ ಈ ವಿದ್ವಾಂಸರ ಎರಡನೆಯ ಹೆಸರು ಚೆಕ್ ನಾಡಿನ ಅತ್ಯಂತ ಹಳೆಯ ದೇಶೀಯ ಅಂಕಿತನಾಮಗಳಲ್ಲಿ ಒಂದು. ಒಂದೇ ಒಂದು ಅಕ್ಷರವಾಗಿ ನಮ್ಮ ಗ್ರಂಥಋಣಗಳಲ್ಲಿ ಕುಳಿತಿರುವ ಆ ಹೆಸರಿನ ಚರಿತ್ರೆಯನ್ನು ಬಿಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಅಂಕಿತನಾಮಗಳನ್ನು ಭಾಷಾಚರಿತ್ರೆಯ ಅಂಚಿನ ಸಾಮಗ್ರಿಯೆಂದು ಬದಿಗಿಡುವ ರೂಢಿ ನಮ್ಮಲ್ಲಿದೆ. ಧ್ವನಿ ವ್ಯತ್ಯಾಸದ ಕಾಲನಿರ್ಣಯಕ್ಕೆ ಕೆಲವೊಮ್ಮೆ ಅವುಗಳಿಗಿಂತ ಗಟ್ಟಿಯಾದ ಸಾಕ್ಷ್ಯ ಸಿಗುವುದಿಲ್ಲ ಎಂಬುದು ನಮ್ಮ ವಾದ.

ಮೊದಲು ಹೆಸರಿನ ರಚನೆ. ಇದು ಎರಡು ಪದಗಳ ಸಮಾಸ. ಉತ್ತರಪದ ‘ಸ್ಲವ’, ಅಂದರೆ ಕೀರ್ತಿ. ‘ಕೇಳು’ ಎಂಬರ್ಥದ ಇಂಡೋ-ಯುರೋಪಿಯನ್ ಧಾತುವಿನಿಂದ ಬಂದ ಈ ಪದ ಸಂಸ್ಕೃತದ ‘ಶ್ರವಸ್’, ಗ್ರೀಕಿನ ‘ಕ್ಲೆಒಸ್’ ಪದಗಳ ಬಂಧು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ‘ಶ್ರವಸ್’ಗೆ ರೂಪದಲ್ಲಿ ನೇರವಾಗಿ ಹೊಂದುವ ಸ್ಲಾವ್ ಪದ ‘ಸ್ಲವ’ ಅಲ್ಲ, ‘ಮಾತು’ ಎಂಬರ್ಥದ ‘ಸ್ಲೊವೊ’. ‘ಸ್ಲವ’ ಅದೇ ಧಾತುವಿನ ದೀರ್ಘಸ್ವರದ ರೂಪದಿಂದ ಬಂದದ್ದು. ಪೂರ್ವಪದವು ಮೂಲ ಸ್ಲಾವ್ ಭಾಷೆಯಲ್ಲಿ ‘ಹೆಚ್ಚಿನ, ದೊಡ್ಡ’ ಎಂಬರ್ಥದ ತರಭಾವದ ರೂಪ. ಅದನ್ನು ನಮ್ಮ ಲಿಪಿಯಲ್ಲಿ ಸ್ಥೂಲವಾಗಿ *ವೆಂತ್ಯೆ ಎಂದು ಬರೆಯಬಹುದು. ಅಲ್ಲಿಯ ‘ಎಂ’ ಅನುನಾಸಿಕ ಸ್ವರ. ಒಟ್ಟಿನಲ್ಲಿ ಹೆಸರಿನ ಅರ್ಥ ‘ಹೆಚ್ಚಿದ ಕೀರ್ತಿಯುಳ್ಳವನು’. ಇಂದ್ರನನ್ನು ‘ವೃದ್ಧಶ್ರವಸ್’ ಎಂದು ಕರೆಯುವ ವೈದಿಕ ರೂಢಿಯನ್ನು ಬಲ್ಲವರಿಗೆ ಈ ಅರ್ಥವಿನ್ಯಾಸ ಹೊಸದೆನಿಸದು. ಗ್ರೀಕರ ಪೆರಿಕ್ಲೆಸ್, ಥೆಮಿಸ್ಟೊಕ್ಲೆಸ್ ಮುಂತಾದ ಹೆಸರುಗಳೂ ಇದೇ ಅಚ್ಚಿನವು.

ಈ ಹೆಸರಿನ ಮೊದಲ ಪ್ರಸಿದ್ಧ ಧಾರಕ 10ನೆಯ ಶತಮಾನದ ಬೊಹೀಮಿಯದ ಅಧಿಪತಿ ವಾತ್ಸ್ಲವ್. ತಂದೆ ವ್ರತಿಸ್ಲವ್, ತಾಯಿ ದ್ರಹೊಮೀರ, ಅಜ್ಜಿ ಲುದ್ಮಿಲ, ತಮ್ಮ ಬೊಲೆಸ್ಲವ್. ಮನೆತನದಲ್ಲಿ ಹೆಸರುಗಳ ತುಂಡುಗಳು ಹೇಗೆ ಕೈಬದಲಾಗುತ್ತಿದ್ದವೆಂಬುದಕ್ಕೆ ಇಷ್ಟು ಸಾಕು: ತಂದೆಯ ಉತ್ತರಪದ ಇಬ್ಬರು ಮಕ್ಕಳಿಗೂ ಬಂದಿದೆ. ಆದರೆ ನಮಗೆ ಹೆಚ್ಚು ಕುತೂಹಲಕರವಾದದ್ದು ಪೂರ್ವಪದ. ಬೊಲೆಸ್ಲವ್ ಎಂಬುದರ ‘ಬೊಲೆ’ ಕೂಡ ‘ಹೆಚ್ಚಿನ, ದೊಡ್ಡ’ ಎಂಬರ್ಥದ ತರಭಾವದ ರೂಪವೇ, ಬೇರೊಂದು ಧಾತುವಿನದು. ಅಣ್ಣನಿಗೂ ತಮ್ಮನಿಗೂ ಇಟ್ಟದ್ದು ಹೆಚ್ಚುಕಡಿಮೆ ಒಂದೇ ಅರ್ಥದ ಹೆಸರು. 935ರ (ಕೆಲವರ ಗಣನೆಯಲ್ಲಿ 929ರ) ಸೆಪ್ಟೆಂಬರ್ 28ರಂದು, ಬೊಲೆಸ್ಲವನ ಕೋಟೆಯಲ್ಲಿ, ಅತಿಥಿಯಾಗಿ ಬಂದಿದ್ದ ಅಣ್ಣನನ್ನು ತಮ್ಮನ ಕಡೆಯವರು ಕೊಂದರು. ‘ಹೆಚ್ಚಿನ ಕೀರ್ತಿ’ ಯಾರದೆಂಬ ಪ್ರಶ್ನೆಯನ್ನು ಆ ಹೆಸರುಗಳಲ್ಲೇ ಹುಡುಕುವುದು ಕಥೆಗಾರರ ಕೆಲಸ, ನಮ್ಮದಲ್ಲ. ಕೊಲೆಯ ಭಾಷಿಕ ಪರಿಣಾಮ ಮಾತ್ರ ನಮ್ಮ ವ್ಯಾಪ್ತಿಯದು. ಕೊಲ್ಲಲ್ಪಟ್ಟವನು ಸಂತನಾದ, ಅವನ ಹೆಸರು ಚರ್ಚಿನ ಪಂಚಾಂಗಕ್ಕೆ ಸೇರಿತು. ಮುಂದಿನ ಶತಮಾನಗಳಲ್ಲಿ ಯಾನ್, ಪೆತ್ರ್ ಮುಂತಾದ ಬೈಬಲ್ ಮೂಲದ ಹೆಸರುಗಳು ಹಳೆಯ ಸಮಾಸನಾಮಗಳನ್ನು ಹಿಂದಕ್ಕೆ ತಳ್ಳಿದಾಗ ವಾತ್ಸ್ಲವ್ ಜನಬಳಕೆಯಲ್ಲಿ ಗಟ್ಟಿಯಾಗಿ ಉಳಿದದ್ದು ಈ ಕಾರಣದಿಂದ.

ಬೊಲೆಸ್ಲವನ ಹೆಸರು ಉಳಿದುಕೊಂಡ ಬಗೆ ಬೇರೆ. ಕೊಲೆ ನಡೆದ ಸ್ಥಳ ಇಂದು ಸ್ತಾರಾ ಬೊಲೆಸ್ಲವ್, ಅಂದರೆ ಹಳೆಯ ಬೊಲೆಸ್ಲವ್. ಶ್ಕೋದ ಕಾರುಗಳು ತಯಾರಾಗುವ ಊರು ಮ್ಲದಾ ಬೊಲೆಸ್ಲವ್, ಅಂದರೆ ಎಳೆಯ ಬೊಲೆಸ್ಲವ್. ಎರಡರಲ್ಲೂ ವಿಶೇಷಣ ಸ್ತ್ರೀಲಿಂಗದಲ್ಲಿದೆ. ವ್ಯಕ್ತಿನಾಮ ಪುಲ್ಲಿಂಗ, ಊರಿನ ಹೆಸರು ಸ್ತ್ರೀಲಿಂಗ. ಕಿವಿಗೆ ಎರಡೂ ಒಂದೇ. ಊರಿನ ಹೆಸರು ಮೂಲದಲ್ಲಿ ‘ಬೊಲೆಸ್ಲವನ’ ಎಂಬ ಸ್ವಾಮ್ಯಸೂಚಕ ವಿಶೇಷಣವಾಗಿತ್ತು. ಅದರ ತಾಲವ್ಯ ಪ್ರತ್ಯಯ ಕೊನೆಯ ವ್ಯಂಜನದಲ್ಲಿ ಕರಗಿಹೋದ ಮೇಲೆ ಪ್ರಥಮಾ ವಿಭಕ್ತಿಯಲ್ಲಿ ವ್ಯತ್ಯಾಸ ಕಾಣದಾಯಿತು. ಲಿಂಗ ಮಾತ್ರ ಆ ಕಳೆದುಹೋದ ಪ್ರತ್ಯಯಕ್ಕೆ ಸಾಕ್ಷಿಯಾಗಿ ನಿಂತಿದೆ.

ಈಗ ಧ್ವನಿಯ ವಿಚಾರಕ್ಕೆ ಬರೋಣ. ಲ್ಯಾಟಿನ್ನಿನಲ್ಲಿ ಈ ಹೆಸರು ವೆನ್‌ಸೆಸ್ಲಾಉಸ್, ಜರ್ಮನ್ನಿನಲ್ಲಿ ವೆಂಟ್ಸೆಲ್, ರಷ್ಯನ್ನಿನಲ್ಲಿ ವ್ಯಚೆಸ್ಲಾವ್, ಚೆಕ್‌ನಲ್ಲಿ ವಾತ್ಸ್ಲವ್. ಲ್ಯಾಟಿನ್ ಮತ್ತು ಜರ್ಮನ್ ರೂಪಗಳಲ್ಲಿರುವ ನಕಾರ ಎಲ್ಲಿಂದ ಬಂತು? ಚೆಕ್ ರೂಪದಲ್ಲಿ ಅದರ ಸುಳಿವೇ ಇಲ್ಲ. ಮಾಲೆ, ಕಿರೀಟ ಎಂಬರ್ಥದ ‘ವ್ಯೆನೆತ್ಸ್’ ಪದದ ನೆನಪಾಗಿ, ಅದೇ ಈ ಹೆಸರಿನ ಮೂಲವೆಂದು ಹೇಳುವ ಆಸೆ ಹುಟ್ಟುವುದು ಸಹಜ. ಕಿರೀಟಕ್ಕೂ ಈ ಸಂತನಿಗೂ ಇರುವ ನಂಟು ಆ ಆಸೆಗೆ ಪುಷ್ಟಿ ಕೊಡುತ್ತದೆ. ಧ್ವನಿನಿಯಮಗಳು ಇದಕ್ಕೆ ಒಪ್ಪುವುದಿಲ್ಲ. ‘ವ್ಯೆನೆತ್ಸ್’ನ ನಕಾರ ಸ್ವತಂತ್ರ ವ್ಯಂಜನ, ಅದು ಚೆಕ್‌ನಲ್ಲಿ ಇಂದಿಗೂ ಉಳಿದಿದೆ. ವಾತ್ಸ್ಲವ್‌ನಲ್ಲಿಯೂ ಅದೇ ಇದ್ದಿದ್ದರೆ ಕಾಣೆಯಾಗಲು ಕಾರಣವಿರಲಿಲ್ಲ. ಲ್ಯಾಟಿನ್ ಲಿಪಿಕಾರರು ಬರೆದ ನಕಾರ ಅನುನಾಸಿಕ ಸ್ವರವನ್ನು ತಮ್ಮ ಲಿಪಿಯಲ್ಲಿ ಹಿಡಿಯಲು ಮಾಡಿದ ಯತ್ನ. ಚೆಕ್ ಭಾಷೆ ತನ್ನ ಅನುನಾಸಿಕ ಸ್ವರಗಳನ್ನು 10ನೆಯ ಶತಮಾನದ ಆಸುಪಾಸಿನಲ್ಲಿ ಕಳೆದುಕೊಂಡಿತು. ಅದಕ್ಕೂ ಮುಂಚೆ ಕೇಳಿದವರ ಕಿವಿಯ ದಾಖಲೆ ಲ್ಯಾಟಿನ್ ಮತ್ತು ಜರ್ಮನ್ ರೂಪಗಳಲ್ಲಿ ಹೆಪ್ಪುಗಟ್ಟಿದೆ. ಕನ್ನಡದಲ್ಲಿ ‘ಪೊನ್ನು’ ‘ಹೊನ್ನು’ ಆದರೂ ಕವಿ ಪೊನ್ನ ಹೊನ್ನನಾಗದೆ ಉಳಿದಂತೆ, ಬರಹದ ಪರಂಪರೆಯೊಳಕ್ಕೆ ಸೇರಿಕೊಂಡ ಹೆಸರು ಭಾಷೆಯೊಡನೆ ಮುಂದಕ್ಕೆ ನಡೆಯಲಿಲ್ಲ.

ಇನ್ನು ‘ತ್ಯ’ ಸಂಯೋಗದ ಗತಿ. ಮೂಲ ಸ್ಲಾವ್ ಭಾಷೆಯ ಈ ಸಂಯೋಗ ಪಶ್ಚಿಮ ಶಾಖೆಯಲ್ಲಿ ‘ತ್ಸ’, ಪೂರ್ವ ಶಾಖೆಯಲ್ಲಿ ‘ಚ’, ಹಳೆಯ ಚರ್ಚ್ ಸ್ಲಾವೊನಿಕ್‌ನಲ್ಲಿ ‘ಶ್ತ’ ಆಯಿತು. ‘ಹೆಚ್ಚು’ ಎಂಬರ್ಥದ ಪದ ಚೆಕ್‌ನಲ್ಲಿ ‘ವೀತ್ಸೆ’, ಪೋಲಿಷ್‌ನಲ್ಲಿ ಇನ್ನೂ ನಾಸಿಕ್ಯ ಉಳಿಸಿಕೊಂಡ ‘ವ್ಯೆಂತ್ಸೆಯ್’, ಚರ್ಚ್ ಸ್ಲಾವೊನಿಕ್‌ನಲ್ಲಿ ‘ವೆಂಶ್ತೆ’. ಈ ಸಂತನ ಆರಾಧನೆ ಪೂರ್ವದ ರೂಸ್ ನಾಡಿಗೂ ಹಬ್ಬಿತ್ತು. 11ನೆಯ ಶತಮಾನದ ಕೊನೆಯ ನವ್ಗೊರೊದ್ ಪ್ರಾರ್ಥನಾ ಹಸ್ತಪ್ರತಿಗಳಲ್ಲಿ ಅವನ ಸ್ತುತಿಯಿದೆ. ವಿವೇಕಿ ಯಾರೊಸ್ಲಾವ್‌ನ ಮಗನೊಬ್ಬನಿಗೆ ವ್ಯಚೆಸ್ಲಾವ್ ಎಂದೇ ಹೆಸರು. ಇಲ್ಲಿಯ ‘ಚ’ ಪೂರ್ವ ಶಾಖೆಯ ನಿಯಮಕ್ಕೆ ಸರಿಯಾಗಿದೆ. ಹೀಗಾಗಿ ಸೋವಿಯತ್ ವಿದೇಶಾಂಗ ಸಚಿವ ವ್ಯಚೆಸ್ಲಾವ್ ಮೊಲೊಟೊವ್‌ಗೂ ಸೋವಿಯತ್ ಹಿಡಿತದ ವಿರುದ್ಧ ನಿಂತ ವಾತ್ಸ್ಲವ್ ಹಾವೆಲ್‌ಗೂ ಇದ್ದದ್ದು ಒಂದೇ ಹೆಸರು, ಎರಡು ಧ್ವನಿನಿಯಮಗಳಲ್ಲಿ.

ಚೆಕ್‌ನ ಒಳಗೇ ಒಂದು ತೊಡಕಿದೆ. ‘ವೀತ್ಸೆ’ ಮತ್ತು ‘ವಾತ್ಸ್ಲವ್’ ಒಂದೇ ಧಾತುವಿನವಾದರೆ ಒಂದರಲ್ಲಿ ‘ಈ’, ಇನ್ನೊಂದರಲ್ಲಿ ‘ಆ’ ಏಕೆ? ಹಳೆಯ ಅನುನಾಸಿಕ ‘ಎಂ’ ಚೆಕ್‌ನಲ್ಲಿ ತನ್ನ ಮುಂದಿನ ಪರಿಸರವನ್ನು ಅನುಸರಿಸಿ ಎರಡಾಗಿ ಒಡೆಯಿತು. ಮೃದು, ಅಂದರೆ ತಾಲವ್ಯ ಪರಿಸರದಲ್ಲಿ ‘ಎ’ ಬಗೆಯ ಸ್ವರ, ಕಠಿಣ ಪರಿಸರದಲ್ಲಿ ‘ಅ’ ಬಗೆಯದು. ಐದು ಎಂಬುದಕ್ಕೆ ‘ಪ್ಯೆತ್’, ಐದನೆಯ ಎಂಬುದಕ್ಕೆ ‘ಪಾತೀ’ ಎನ್ನುವುದು ಇದರಿಂದಲೇ. ‘ವೀತ್ಸೆ’ಯಲ್ಲಿ ಮೃದು ಪರಿಸರ ಉಳಿಯಿತು, ಅದರ ಸ್ವರ ಹಳೆಯ ಚೆಕ್‌ನಲ್ಲಿ ‘ಇಯೆ’ ಆಗಿ ಅನಂತರ ‘ಈ’ ಆಯಿತು. ಹೆಸರಿನಲ್ಲಿ ನಡುವಿನ ‘ತ್ಸೆಸ್’ ಕುಗ್ಗಿ, ಮುಂದಿನ ಲಕಾರದೊಡನೆ ಸೇರಿಕೊಂಡಿತು. ನಮ್ಮ ದೃಷ್ಟಿಯಲ್ಲಿ ಈ ಕುಗ್ಗುವಿಕೆಯೇ ಕಠಿಣ ಪರಿಸರವನ್ನು ಸೃಷ್ಟಿಸಿ ‘ಆ’ ಸ್ವರಕ್ಕೆ ದಾರಿ ಮಾಡಿತು. ನಿತ್ಯ ಕೂಗುವ ಹೆಸರು ಸವೆಯುವ ವೇಗ ಸಾಮಾನ್ಯ ಪದದ್ದಕ್ಕಿಂತ ಹೆಚ್ಚು. ಸವೆದ ಮೇಲೆ ‘ವೀತ್ಸೆ’ಯೊಡನೆ ಅದರ ನಂಟನ್ನು ಮಾತೃಭಾಷಿಕನೂ ಗುರುತಿಸಲಾರ.

ಮಧ್ಯಯುಗದ ಅರಸರಲ್ಲಿ ಈ ಹೆಸರು ಪದೇಪದೇ ಬರುತ್ತದೆ. ರಾಜರ ಎಣಿಕೆ 1230ರಲ್ಲಿ ಪಟ್ಟಕ್ಕೆ ಬಂದ ವಾತ್ಸ್ಲವ್‌ನಿಂದ ಶುರುವಾಗುತ್ತದೆ. ಸಂತನಿಗೆ ರಾಜಪದವಿ ಇರಲಿಲ್ಲವಾದ್ದರಿಂದ ಅವನು ಆ ಸಂಖ್ಯೆಯೊಳಗಿಲ್ಲ. ಇಂಗ್ಲಿಷ್ ಪಾದ್ರಿ ಜಾನ್ ಮೇಸನ್ ನೀಲ್ 1853ರಲ್ಲಿ ಪ್ರಕಟಿಸಿದ ಕ್ರಿಸ್‌ಮಸ್ ಗೀತೆ ಅವನನ್ನು ರಾಜನೆಂದು ಕರೆದದ್ದರಿಂದ ಈ ಗೊಂದಲ ಲೋಕದ ತುಂಬ ಹಬ್ಬಿದೆ. ಮೂರನೆಯ ವಾತ್ಸ್ಲವ್ 1301ರಲ್ಲಿ ಹಂಗೇರಿಯ ಕಿರೀಟ ಧರಿಸಿದಾಗ ಅಲ್ಲಿಯ ರೂಢಿಗೆ ತಕ್ಕಂತೆ ಲಾದಿಸ್ಲಾಉಸ್ ಎಂಬ ಹೆಸರು ತಾಳಿದ. 1306ರಲ್ಲಿ ಒಲೊಮೊಉತ್ಸ್‌ನಲ್ಲಿ ಅವನ ಕೊಲೆಯಾಗಿ, ಅವನ ರಾಜವಂಶದ ಆಳ್ವಿಕೆ ಕೊನೆಗೊಂಡಿತು.

ಹೆಸರು ಬದಲಾವಣೆಯ ಇನ್ನೊಂದು ಪ್ರಸಂಗ ಇದಕ್ಕಿಂತ ಮಹತ್ತ್ವದ್ದು. 1316ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ರಾಜಕುಮಾರನೊಬ್ಬನಿಗೆ ವಾತ್ಸ್ಲವ್ ಎಂದು ದೀಕ್ಷಾಸ್ನಾನದ ಹೆಸರಿಟ್ಟರು. ಏಳು ವರ್ಷದ ಹುಡುಗನನ್ನು ಫ್ರಾನ್ಸಿನ ಆಸ್ಥಾನಕ್ಕೆ ಕಳಿಸಿದಾಗ, ಅಲ್ಲಿಯ ದೊರೆಯ ಹೆಸರಾದ ಚಾರ್ಲ್ಸ್ ಎಂಬುದು ಅವನಿಗೆ ಬಂತು. ಚಕ್ರವರ್ತಿ ನಾಲ್ಕನೆಯ ಚಾರ್ಲ್ಸ್ ಎಂದು ಚರಿತ್ರೆ ಬಲ್ಲದ್ದು ಇವನನ್ನೇ. ಕಳೆದುಕೊಂಡ ಹೆಸರನ್ನು ಅವನು ಮರೆಯಲಿಲ್ಲ. ಬೊಹೀಮಿಯದ ಕಿರೀಟವನ್ನು ಸಂತ ವಾತ್ಸ್ಲವ್‌ಗೆ ಅರ್ಪಿಸಿದ, ಸಂತನ ಚರಿತೆಯನ್ನು ತಾನೇ ಲ್ಯಾಟಿನ್ನಿನಲ್ಲಿ ಬರೆದ, ಚೊಚ್ಚಲ ಮಗನಿಗೆ ವಾತ್ಸ್ಲವ್ ಎಂದು ಹೆಸರಿಟ್ಟ. ಆ ಕೂಸು ತೀರಿಕೊಂಡ ಮೇಲೆ 1361ರಲ್ಲಿ ಹುಟ್ಟಿದ ಮಗನಿಗೆ ಮತ್ತೆ ಅದೇ ಹೆಸರು. ಯಾನ್ ಹುಸ್‌ನ ಕಾಲದಲ್ಲಿ ಬೊಹೀಮಿಯವನ್ನು ಆಳಿದ ನಾಲ್ಕನೆಯ ವಾತ್ಸ್ಲವ್ ಈ ಎರಡನೆಯವನು.

ಹ್ಯಾಬ್ಸ್‌ಬರ್ಗ್ ಆಡಳಿತದಲ್ಲಿ ಹೆಸರು ಎರಡು ಹಾದಿ ಹಿಡಿಯಿತು. ಮೇಲ್ವರ್ಗದಲ್ಲಿ ಅದು ವೆಂಟ್ಸೆಲ್: ಆಸ್ಟ್ರಿಯದ ಮಂತ್ರಿ ವೆಂಟ್ಸೆಲ್ ಆಂಟನ್ ಕೌನಿಟ್ಸ್ (1711–1794), ಆಮೇಲೆ ಕ್ಲೆಮೆನ್ಸ್ ವೆಂಟ್ಸೆಲ್ ಮೆಟರ್ನಿಖ್. ಮೆಟರ್ನಿಖ್ ಹುಟ್ಟಿದ್ದು ರೈನ್ ನದಿಯ ದಂಡೆಯಲ್ಲಿ. ಟ್ರಿಯರ್‌ನ ಆರ್ಚ್‌ಬಿಷಪ್ಪನ ಗೌರವಾರ್ಥ ಇಟ್ಟ ಹೆಸರದು. ಜನಬಳಕೆಯ ಜರ್ಮನ್ನಿನಲ್ಲಾದರೋ ವೆಂಟ್ಸೆಲ್ ಎಂಬುದು ಇಸ್ಪೀಟಿನ ಗುಲಾಮ ಎಲೆಯ ಹೆಸರಾಯಿತು. ಸಂತನ ಹೆಸರು ಗುಲಾಮನಿಗೆ ಇಳಿದದ್ದು ಅಂಕಿತನಾಮ ರೂಢನಾಮವಾಗುವ ಪ್ರಕ್ರಿಯೆಗೆ ನಮಗೆ ತಿಳಿದಿರುವ ಕಟುವಾದ ಉದಾಹರಣೆಗಳಲ್ಲಿ ಒಂದು. ಪ್ರಾಗ್‌ನಲ್ಲಿ ಹುಟ್ಟಿ 1677ರಲ್ಲಿ ಲಂಡನ್‌ನಲ್ಲಿ ತೀರಿಕೊಂಡ ಕೆತ್ತನೆಗಾರ ಹೊಲ್ಲರ್‌ನನ್ನು ಹೊರನಾಡು ಲ್ಯಾಟಿನ್ ರೂಪದಲ್ಲೇ ಬಲ್ಲುದು.

19ನೆಯ ಶತಮಾನದ ಚೆಕ್ ಪುನರುಜ್ಜೀವನ ದೇಶೀಯ ರೂಪವನ್ನು ಮತ್ತೆ ಮುಂದಕ್ಕೆ ತಂದಿತು. ಪ್ರಾಗ್‌ನ ಕುದುರೆ ಸಂತೆಯ ಬಯಲಿಗೆ 1848ರಲ್ಲಿ ಸಂತ ವಾತ್ಸ್ಲವ್‌ನ ಹೆಸರು ಬಂತು. ಅದೇ ಕಾಲಘಟ್ಟದಲ್ಲಿ ‘ಡಬ್ಲ್ಯು’ ಅಕ್ಷರದ ಬದಲು ‘ವಿ’ ಬರೆಯುವ ಕಾಗುಣಿತ ಸುಧಾರಣೆ ಆಗಿ ಹೆಸರು ಇಂದಿನ ಬರಹರೂಪ ಪಡೆಯಿತು. ಆದರೆ ಪುನರುಜ್ಜೀವನಕ್ಕೆ ಇನ್ನೊಂದು ಮುಖವಿತ್ತು. 1817ರಲ್ಲಿ ಪ್ರಾಚೀನ ಚೆಕ್ ಕಾವ್ಯದ ಹಸ್ತಪ್ರತಿಯನ್ನು ‘ಕಂಡುಹಿಡಿದ’ ವಾತ್ಸ್ಲವ್ ಹಂಕನ ಶೋಧ ಕೃತಕವೆಂದು 1886ರಲ್ಲಿ ವೈಯಾಕರಣ ಯಾನ್ ಗೆಬೌಎರ್ ಹಳೆಯ ಚೆಕ್‌ನ ವ್ಯಾಕರಣದ ಆಧಾರದಿಂದ ವಾದಿಸಿದ. ಮೇಲೆ ನಾವು ಬಳಸಿದಂಥ ಧ್ವನಿನಿಯಮಗಳ ಬಲದಿಂದ ದೇಶಾಭಿಮಾನದ ಒಂದು ಪವಿತ್ರ ಗ್ರಂಥವನ್ನು ಪ್ರಶ್ನಿಸಿದ್ದಕ್ಕೆ ಗೆಬೌಎರ್ ದ್ರೋಹಿ ಎನಿಸಿಕೊಳ್ಳಬೇಕಾಯಿತು. ಭಾಷಾವಿಜ್ಞಾನಿಯ ಕೆಲಸ ನಿರಪಾಯಕರವೆಂದು ತಿಳಿದವರು ಈ ಪ್ರಕರಣವನ್ನು ಓದಬೇಕು.

ಪ್ರಾಗ್‌ನ ಲುತ್ಸೆರ್ನ ಭವನವನ್ನು ಕಟ್ಟಿಸಿದ ಹಾವೆಲ್ ತನ್ನ ಹೆಸರನ್ನು ಲಕಾರಕ್ಕೆ ಮುಂಚೆ ಒಂದು ಸಕಾರ ಸೇರಿಸಿ ಬರೆಯುತ್ತಿದ್ದ. ಬಿದ್ದುಹೋಗಿದ್ದ ‘ಸ್ಲವ’ವನ್ನು ಕಣ್ಣಿಗೆ ಮತ್ತೆ ಕಾಣಿಸುವ ಬರಹ ಅದು. ಅವನ ಮಗನೂ ವಾತ್ಸ್ಲವ್, ಮೊಮ್ಮಗನೂ ವಾತ್ಸ್ಲವ್; ಇಬ್ಬರೂ ಆ ಸಕಾರವಿಲ್ಲದೆ ಬರೆದರು. ಮೊಮ್ಮಗ ನಾಟಕಕಾರ, 1993ರಲ್ಲಿ ಚೆಕ್ ಗಣರಾಜ್ಯದ ಮೊದಲ ಅಧ್ಯಕ್ಷ. ಅವರ ಬಳಿಕ 2003ರಿಂದ 2013ರವರೆಗೆ ಆ ಪೀಠದಲ್ಲಿದ್ದವರು ವಾತ್ಸ್ಲವ್ ಕ್ಲಾಉಸ್.

ಕನ್ನಡ ಪತ್ರಿಕೆಗಳು ಹಾವೆಲ್‌ರನ್ನು ‘ವಾಕ್ಲಾವ್’ ಎಂದು ಬರೆದದ್ದು ಇಂಗ್ಲಿಷ್ ಓದಿನ ಫಲ. ಚೆಕ್ ಬರಹದಲ್ಲಿ ಆ ಅಕ್ಷರ ಕಕಾರವಲ್ಲ, ‘ತ್ಸ’. ವತ್ಸ, ಉತ್ಸವ ಎಂದು ನಿರಾಯಾಸವಾಗಿ ಉಚ್ಚರಿಸುವ ನಮಗೆ ಇದರಲ್ಲಿ ತೊಂದರೆಯಿಲ್ಲ. ಸ್ವರದ ಹ್ರಸ್ವದೀರ್ಘ ಭೇದ ಚೆಕ್‌ನಲ್ಲಿ ಅರ್ಥಭೇದಕ, ಕನ್ನಡದಲ್ಲಿಯೂ ಹಾಗೆಯೇ. ಮೊದಲ ಸ್ವರ ದೀರ್ಘ, ಎರಡನೆಯದು ಹ್ರಸ್ವ ಎಂಬುದನ್ನು ನಮ್ಮ ಲಿಪಿ ಇಂಗ್ಲಿಷಿಗಿಂತ ಚೆನ್ನಾಗಿ ತೋರಿಸಬಲ್ಲದು. ಪದಾಂತ್ಯದ ವಕಾರ ಉಚ್ಚಾರಣೆಯಲ್ಲಿ ಅಘೋಷವಾಗಿ ಫಕಾರದಂತೆ ಕೇಳುತ್ತದೆ. ಆದರೆ ಸಂಬೋಧನೆಯಲ್ಲಿ ‘ವಾತ್ಸ್ಲವೆ’ ಎಂದಾಗ ವಕಾರ ಮರಳುತ್ತದೆ. ಆದ್ದರಿಂದ ಧ್ವನಿಮೆಯನ್ನು ಗೌರವಿಸಿ ‘ವಾತ್ಸ್ಲವ್’ ಎಂದು ಬರೆಯುವುದು ಸೂಕ್ತವೆಂದು ನಾವು ಸೂಚಿಸುತ್ತೇವೆ.

ಮನೆಯೊಳಗೆ ಚೆಕ್ಕರು ವಾತ್ಸ್ಲವ್‌ನನ್ನು ವಶೆಕ್ ಎಂದು ಕರೆಯುತ್ತಾರೆ, ವೆಂತ್ಸ ಎಂದೂ ಕರೆಯುತ್ತಾರೆ. ಮೊದಲನೆಯದು ದೇಶೀಯ ರೂಪದಿಂದ ನೇರವಾಗಿ ಬಂದದ್ದು. ಎರಡನೆಯದರಲ್ಲಿ ಕೇಳುವ ನಕಾರ ಮಾತ್ರ ‘ವಾತ್ಸ್ಲವ್’ನಿಂದ ಬಂದಿರಲು ಸಾಧ್ಯವಿಲ್ಲ. ಸಾವಿರ ವರ್ಷಗಳ ಹಿಂದೆ ಚೆಕ್ ನಾಲಗೆ ಬಿಟ್ಟುಕೊಟ್ಟ ನಾಸಿಕ್ಯ ಲ್ಯಾಟಿನ್ ಮತ್ತು ಜರ್ಮನ್ ರೂಪಗಳಲ್ಲಿ ಉಳಿದುಕೊಂಡು, ಅಲ್ಲಿಂದ ಅಡ್ಡಹೆಸರಾಗಿ ಮನೆಗೆ ಮರಳಿದೆ.