‘ಏನಪ್ಪಾ ಮಾಡ್ತಿದೀಯ ಅಲ್ಲಿ?’

ಫತೇಗಂಜ್‌ನಲ್ಲಿ ಬಾಡಿಗೆ ಮನೆ ಮಾಡಿಕೊಂಡಿರೋ ನಮ್ಮವರಿಗೆ ಹತ್ತಿರದ ಎಂ.ಎಸ್. ವಿಶ್ವವಿದ್ಯಾಲಯ ಗೊತ್ತೇ ಇರುತ್ತೆ. 2009ರಲ್ಲಿ ನೊಬೆಲ್ ಪಡೆದ ವೆಂಕಿ ರಾಮಕೃಷ್ಣನ್ ಭೌತಶಾಸ್ತ್ರದಲ್ಲಿ ಬಿಎಸ್‌ಸಿ ಮುಗಿಸಿದ್ದು ಅಲ್ಲೇ, 1971ರಲ್ಲಿ. ಆದರೆ ಇವತ್ತಿನ ಮಾತು ಅವರದ್ದಲ್ಲ. ಸಂಶೋಧನೆ ಮಾಡೋ ಹುಡುಗ ಹುಡುಗಿಯರು ತಮ್ಮ ಕೆಲಸವನ್ನ ಹೊರಗಿನವರಿಗೆ ಹರಟೆ ಹೊಡೆದ ಹಾಗೆ ಹೇಳ್ತಾರಲ್ಲ, ಅದನ್ನ ಯಾವ ಭಾಷೆಯಲ್ಲಿ ಹೇಳೋದು ಅನ್ನೋದು.

ಈ ಊರಿಗೆ ಇದು ಹಳೇ ಪ್ರಶ್ನೆ. 1890ರಲ್ಲಿ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಇಲ್ಲಿ ಕಲಾಭವನ ಶುರುವಾಯ್ತು. ಅದನ್ನ ಕಟ್ಟಿದ ರಸಾಯನಶಾಸ್ತ್ರಜ್ಞ ತ್ರಿಭುವನದಾಸ್ ಗಜ್ಜರ್ ಅವರಿಗೆ ತಾಂತ್ರಿಕ ವಿದ್ಯೆಯನ್ನ ಗುಜರಾತಿಯಲ್ಲೇ ಕಲಿಸಬೇಕು ಅನ್ನೋ ಹಟ. ಪದಗಳೆಲ್ಲಿವೆ ಅಂದರೆ, ಪದಕೋಶದ ಕೆಲಸಕ್ಕೇ ಕೈ ಹಾಕಿದರು. ನಮ್ಮ ಕಡೆ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಜೊತೆ ಸೇರಿ 1918ರಲ್ಲಿ ‘ವಿಜ್ಞಾನ’ ಪತ್ರಿಕೆ ತಂದರು. ಎರಡೇ ವರ್ಷ ನಡೀತು. ಆ ಹೊತ್ತಿಗೆ ಎರಡು ವರ್ಷ ಅಂದ್ರೂ ದೊಡ್ಡದೇ.

ಬೆಂಗಳೂರಿಗೂ ಗುಜರಾತಿಗೂ ಇನ್ನೊಂದು ನಂಟಿದೆ. ಯುದ್ಧದ ಕಾಲದಲ್ಲಿ ಕೇಂಬ್ರಿಡ್ಜ್ ಬಿಟ್ಟು ಬಂದ ವಿಕ್ರಮ್ ಸಾರಾಭಾಯಿ ಬೆಂಗಳೂರಲ್ಲಿ ಸಿ.ವಿ. ರಾಮನ್ ಕೈಕೆಳಗೆ ವಿಶ್ವಕಿರಣಗಳ ಕೆಲಸಕ್ಕೆ ಕೂತರು. 1942ರಲ್ಲಿ ಮೊದಲ ಪ್ರಬಂಧ ಬಂತು. 1947ರಲ್ಲಿ ಅಹಮದಾಬಾದಿನಲ್ಲಿ ಭೌತವಿಜ್ಞಾನ ಪ್ರಯೋಗಾಲಯ ತೆರೆದರು. ಅವರ ಹತ್ತಿರ ಅದೇ ವಿಷಯ ಹಿಡಿದು 1960ರಲ್ಲಿ ಪಿಎಚ್‌ಡಿ ಪಡೆದವರು ಉಡುಪಿ ಹತ್ತಿರದ ಅದಮಾರಿನ ಯು.ಆರ್. ರಾವ್. ಹೌದು, ಮುಂದೆ ಪೀಣ್ಯದ ಶೆಡ್‌ಗಳಲ್ಲಿ ‘ಆರ್ಯಭಟ’ ಕಟ್ಟಿಸಿದ ಅದೇ ರಾವ್.

ಆ ಥೀಸಿಸ್‌ನ ವಿಷಯವನ್ನ ಮನೆಮಾತಲ್ಲಿ ಹೇಳೋಕಾಗುತ್ತಾ? ಆಗುತ್ತೆ, ನೋಡಿ: ಆಕಾಶದಿಂದ ನಮ್ಮ ಮೇಲೆ ಸದಾ ಕಣಗಳ ಸೋನೆಮಳೆ. ಕಣ್ಣಿಗೆ ಕಾಣಲ್ಲ. ಆದರೆ ಎಲ್ಲಾ ಹೊತ್ತೂ ಒಂದೇ ಸಮ ಸುರಿಯಲ್ಲ. ದಿನದಲ್ಲೂ ಏರಿಳಿತ, ವರ್ಷಗಳಲ್ಲೂ ಏರಿಳಿತ. ಸೂರ್ಯನ ಕಡೆಯಿಂದ ಬೀಸೋ ಗಾಳಿ ತನ್ನ ಕಾಂತಕ್ಷೇತ್ರ ಹೊತ್ತು ತಂದು ಆ ಮಳೆಯನ್ನ ಅಡ್ಡಡ್ಡ ತಳ್ಳುತ್ತೆ. ಮಳೆ ಅಳೆದರೆ ಗಾಳಿಯ ಸುದ್ದಿ ಸಿಗುತ್ತೆ. ಒಂದೂ ಸಮೀಕರಣ ಬೇಕಾಗಲಿಲ್ಲ, ಅಲ್ವಾ?

ಇಷ್ಟು ಹೇಳೋಕೆ ಬರದೇ ಇದ್ದರೆ ಏನಾಗುತ್ತೆ ಅಂದರೆ, ದಾವಣಗೆರೆಯಿಂದ ಅಮ್ಮ ಫೋನ್ ಮಾಡಿ “ಏನಪ್ಪಾ ಮಾಡ್ತಿದೀಯ ಅಲ್ಲಿ?” ಅಂದಾಗ “ಏನೋ ರಿಸರ್ಚ್ ಅಮ್ಮ, ನಿಂಗೆ ಅರ್ಥ ಆಗಲ್ಲ” ಅಂತ ಮಾತು ಮುಗಿಯುತ್ತೆ. ಐದು ವರ್ಷದ ಬದುಕು ಮನೆಗೇ ಗೊತ್ತಾಗಲ್ಲ. (ನಮ್ಮ ಸಾಫ್ಟ್‌ವೇರ್ ಕೆಲಸದ ಕಥೆಯೂ ಬೇರೆ ಅಲ್ಲ ಬಿಡಿ.)

ಬೆಂಗಳೂರಿನ ಐಐಎಸ್‌ಸಿ ವರ್ಷಕ್ಕೊಮ್ಮೆ ತನ್ನ ಗೇಟನ್ನ ಎಲ್ಲರಿಗೂ ತೆರೆಯುತ್ತೆ. ಅವತ್ತು ಲ್ಯಾಬಿನ ಬಾಗಿಲಲ್ಲಿ ನಿಂತು ವಿವರಿಸೋರು ಹೆಚ್ಚಾಗಿ ವಿದ್ಯಾರ್ಥಿಗಳೇ. ಹಳ್ಳಿಯ ಶಾಲೆಯಿಂದ ಬಂದ ಎಂಟನೇ ಕ್ಲಾಸಿನ ಹುಡುಗಿ ಮುಂದೆ ಬಂದು “ಅದ್ಯಾಕೆ ಹಂಗಾಗುತ್ತೆ ಅಣ್ಣಾ?” ಅಂದರೆ, ಅಲ್ಲಿ ಇಂಗ್ಲಿಷಿಗೆ ಓಡಿಹೋಗೋಕೆ ದಾರಿಯಿಲ್ಲ.