ಸಿರಿಂಜ್ ಒತ್ತುವ ವೇಗ, ಕುಸಿಯುವ ಬಿಪಿ

1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿದ್ದಾಗ ಅರಿವಳಿಕೆ ಔಷಧ ಥಯೊಪೆಂಟೋನ್ ಬಳಕೆಗೆ ಬಂದು ಏಳೇ ವರ್ಷವಾಗಿತ್ತು. ಅಮೆರಿಕದಲ್ಲಿ ರಾಲ್ಫ್ ವಾಟರ್ಸ್ ಮತ್ತು ಜಾನ್ ಲುಂಡಿ 1934ರಲ್ಲಿ ಬಳಸತೊಡಗಿದ ಈ ಔಷಧ ರಕ್ತನಾಳಕ್ಕೆ ಹೋದರೆ ಸಾಕು, ರೋಗಿ ಅರ್ಧ ಮಾತಿನಲ್ಲೇ ನಿದ್ದೆಗೆ ಜಾರುತ್ತಿದ್ದ. ದಾಳಿಯಲ್ಲಿ ರಕ್ತ ಸುರಿದು ಬಸವಳಿದವರಿಗೂ ಅದನ್ನೇ ಕೊಟ್ಟರು, ಕೆಲವರು ತೀರಿಕೊಂಡರು. ಬಾಂಬಿಗಿಂತ ಈ ಇಂಜೆಕ್ಷನ್ನೇ ಹೆಚ್ಚು ಜನರನ್ನು ಕೊಂದಿತೆಂಬ ಕಥೆ ದಶಕಗಟ್ಟಲೆ ಓಡಾಡಿತು. 1995ರಲ್ಲಿ ದಾಖಲೆಗಳನ್ನು ತೆಗೆದು ನೋಡಿದಾಗ ಅದು ಬಹುಪಾಲು ಉತ್ಪ್ರೇಕ್ಷೆ ಎಂದು ಗೊತ್ತಾಯಿತು. ಆದರೂ ಆ ಗದ್ದಲದಿಂದ ಒಂದು ಒಳ್ಳೆಯದಾಯಿತು: ರಕ್ತ ಕಳೆದುಕೊಂಡವರಿಗೆ ಸ್ವಲ್ಪ ಸ್ವಲ್ಪವೇ ಕೊಟ್ಟು ಕಾಯಬೇಕೆಂಬ ಎಚ್ಚರ ಬಲವಾಯಿತು.

ಕಾಯುವುದು ಏಕೆ ಎಂಬುದಕ್ಕೆ 1960ರಲ್ಲಿ ಹೆನ್ರಿ ಪ್ರೈಸ್ ಲೆಕ್ಕ ಕೊಟ್ಟರು. ಔಷಧ ಮೊದಲು ಸೇರುವುದು ರಕ್ತ ಹೆಚ್ಚು ಹರಿಯುವ ಮಿದುಳು, ಹೃದಯಗಳಿಗೆ; ಸ್ನಾಯುವಿನ ಸರದಿ ಆಮೇಲೆ. ಒಮ್ಮೆಗೇ ಒತ್ತಿದರೆ ಹೃದಯಕ್ಕೆ ತಲುಪುವ ಸಾಂದ್ರತೆ ಕೆಲವು ಕ್ಷಣ ವಿಪರೀತ ಏರುತ್ತದೆ.

ಮುಂದೆ ಬಂದದ್ದು ಹಾಲಿನ ಬಣ್ಣದ ಪ್ರೊಪೊಫಾಲ್. ಬ್ರಿಟನ್ನಿನ ಐಸಿಐ ಕಂಪನಿಯ ಇಯಾನ್ ಗ್ಲೆನ್ ತಂಡ ಗುರುತಿಸಿದ ಈ ಔಷಧ 1986ರಲ್ಲಿ ಮಾರುಕಟ್ಟೆಗಿಳಿದು, ಥಯೊಪೆಂಟೋನನ್ನು ಬಹುಮಟ್ಟಿಗೆ ಮೂಲೆಗೆ ತಳ್ಳಿತು. ಎಚ್ಚರವಾಗುವುದು ಹಗುರ, ವಾಂತಿ ಕಡಿಮೆ. ಆದರೆ ಬಿಪಿ ಇಳಿಸುವುದರಲ್ಲಿ ಇದೇ ಜೋರು. ರಕ್ತನಾಳಗಳನ್ನು ಬಿಗಿಹಿಡಿದಿರುವ ನರಗಳ ಚಟುವಟಿಕೆಯನ್ನು ಇದು ತಗ್ಗಿಸುತ್ತದೆ. ಬಿಪಿ ಬಿದ್ದಾಗ ನಾಡಿ ಚುರುಕಾಗುವ ಸಹಜ ಪ್ರತಿಕ್ರಿಯೆಯೂ ಮಂಕಾಗುತ್ತದೆ.

ವೇಗದ ಪ್ರಶ್ನೆ ಗಂಭೀರವಾದದ್ದು ಆಗಲೇ. 1990ರಲ್ಲಿ ಬ್ರಿಟನ್ನಿನ ಪೀಕಾಕ್ ಮತ್ತು ಸಂಗಡಿಗರು ವಯಸ್ಸಾದ ರೋಗಿಗಳಿಗೆ ಗಂಟೆಗೆ 300, 600, 1200 ಮಿಲಿಲೀಟರ್ ವೇಗದಲ್ಲಿ ಪ್ರೊಪೊಫಾಲ್ ಹರಿಸಿ ನೋಡಿದರು. ನಿಧಾನ ಕೊಟ್ಟವರಿಗೆ ನಿದ್ದೆ ತಡವಾಗಿ ಬಂತು, ಆದರೆ ಬೇಕಾದ ಔಷಧ ಕಡಿಮೆ. ಬಿಪಿ ಕುಸಿತವೂ ಉಸಿರು ನಿಲ್ಲುವುದೂ ಕಡಿಮೆ. ಕಾರಣ ಸರಳ. ಔಷಧ ಮಿದುಳು ಮುಟ್ಟಿ ಕಣ್ಣು ಮುಚ್ಚುವಷ್ಟರಲ್ಲಿ, ಅವಸರದ ಕೈ ಬೇಡದಷ್ಟನ್ನೂ ಒಳಗೆ ಕಳಿಸಿಬಿಟ್ಟಿರುತ್ತದೆ. ಅದನ್ನು ವಾಪಸ್ ಎಳೆದುಕೊಳ್ಳಲು ಬರುವುದಿಲ್ಲ.

ಅಲ್ಲಿಗೆ ವಿಷಯ ಮುಗಿಯಲಿಲ್ಲ. ಈ ಕ್ಷೇತ್ರದ ಅತಿ ಉಪಯುಕ್ತ ಅಧ್ಯಯನ ಬಹುಶಃ 1999ರಲ್ಲಿ ಜಪಾನಿನ ಕಜಾಮ ತಂಡ ಪ್ರಕಟಿಸಿದ್ದು. ರಕ್ತದಲ್ಲಿನ ಔಷಧಕ್ಕೆ ಮಿದುಳು ಹೊಂದಿಕೊಳ್ಳುವ ಅರ್ಧಾವಧಿ (ಅರ್ಧದಷ್ಟು ಹೊಂದಿಕೊಳ್ಳಲು ಬೇಕಾದ ಸಮಯ) ಎಲ್ಲ ವಯಸ್ಸಿನವರಲ್ಲೂ ಸುಮಾರು 2.3 ನಿಮಿಷ. ಬಿಪಿ ಇಳಿಕೆಯ ಅರ್ಧಾವಧಿ ಯುವಕರಲ್ಲಿ ಸುಮಾರು 5.7 ನಿಮಿಷ, 70 ದಾಟಿದವರಲ್ಲಿ 10 ನಿಮಿಷದ ಮೇಲೆ. ಅಂದರೆ ಅಜ್ಜನಿಗೆ ನಿದ್ದೆ ಬಂದೊಡನೆ ಮಾನಿಟರ್ ತೋರುವ 130ನ್ನು ನಂಬಿ ಇನ್ನಷ್ಟು ಒತ್ತಿದರೆ, ಅಸಲಿ ಕುಸಿತ ಉಸಿರಾಟದ ಟ್ಯೂಬ್ ಹಾಕಿದ ಮೇಲೆ ಎದುರಾಗಬಹುದು.

ಕೆಲವೇ ನಿಮಿಷದ ಕುಸಿತ ತಾನೇ ಎಂಬ ಉದಾಸೀನವೂ ಈಗ ಉಳಿದಿಲ್ಲ. ಅಮೆರಿಕದಲ್ಲಿ 33,000ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ದಾಖಲೆ ಪರಿಶೀಲಿಸಿದ 2013ರ ಅಧ್ಯಯನದಲ್ಲಿ, ಸರಾಸರಿ ರಕ್ತದೊತ್ತಡ 55ಕ್ಕಿಂತ ಕೆಳಗೆ ಸ್ವಲ್ಪ ಹೊತ್ತು ಇದ್ದದ್ದಕ್ಕೂ ಕಿಡ್ನಿ, ಹೃದಯದ ಹಾನಿಗೂ ನಂಟು ಕಂಡಿತು.

ಹಾಗೆಂದು ನಿಧಾನವೇ ಸದಾ ಸರಿಯಲ್ಲ. ಹೊಟ್ಟೆ ತುಂಬಿರುವಾಗ ತುರ್ತು ಆಪರೇಷನ್ ಬಂದರೆ, ವಾಂತಿ ಶ್ವಾಸಕೋಶಕ್ಕೆ ಇಳಿಯದಂತೆ ಬೇಗ ನಿದ್ದೆ ಬರಿಸಿ ಟ್ಯೂಬ್ ಹಾಕಲೇಬೇಕು. ಆಗ ತಜ್ಞರು ವೇಗದ ಬದಲು ಡೋಸ್ ತಗ್ಗಿಸುತ್ತಾರೆ, ಬಿಪಿಯನ್ನು ಅಷ್ಟಾಗಿ ಇಳಿಸದ ಕೀಟಮಿನ್ ಅಥವಾ ಎಟೊಮಿಡೇಟ್ ಆರಿಸಿಕೊಳ್ಳುತ್ತಾರೆ, ಬಿಪಿ ಏರಿಸುವ ಫಿನೈಲೆಫ್ರಿನ್ ಸಿರಿಂಜನ್ನು ಮೊದಲೇ ತುಂಬಿಟ್ಟುಕೊಂಡಿರುತ್ತಾರೆ.