ಬಾಯಿ ಕ್ಯಾನ್ಸರ್: ಬೆಂಗಳೂರಿನ ಲೆಕ್ಕ ಹೇಳಿದ್ದೇನು?

ಬೇಗೂರಿನ ನಾಗನಾಥೇಶ್ವರ ದೇವಾಲಯದ ಶಾಸನ 'ಬೆಂಗಳೂರು' ಎಂಬ ಹೆಸರನ್ನು ಉಳಿಸಿಕೊಟ್ಟಿದೆ. ಸುಮಾರು ಕ್ರಿ.ಶ. 890ರ ಆ ಕಲ್ಲಿನಲ್ಲಿರುವುದು ಕಾಳಗದಲ್ಲಿ ಮಡಿದವರ ವಿಷಯ. ಯುದ್ಧದಲ್ಲಿ ಸತ್ತವರನ್ನು ಬರೆದಿಟ್ಟ ಈ ಸೀಮೆಯಲ್ಲಿ ಕ್ಯಾನ್ಸರಿಗೆ ತುತ್ತಾದವರ ಲೆಕ್ಕ ಕ್ರಮವಾಗಿ ಶುರುವಾಗಲು ಮಾತ್ರ 1982ರವರೆಗೆ ಕಾಯಬೇಕಾಯಿತು.

ಬೇಗೂರಿನಿಂದ ಹೊಸೂರು ರಸ್ತೆಗೆ ಬಂದು ನಗರದತ್ತ ಸಾಗಿದರೆ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಸಿಗುತ್ತದೆ. ಕೇಂದ್ರ ಸಚಿವರಾಗಿದ್ದ ಸ್ವಾತಂತ್ರ್ಯ ಹೋರಾಟಗಾರ ರಫಿ ಅಹಮದ್ ಕಿದ್ವಾಯಿ ಅವರ ಹೆಸರಿನ ಈ ಸಂಸ್ಥೆ ಆರಂಭವಾದದ್ದು 1973ರಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯಡಿ ಬೆಂಗಳೂರಿನ ಕ್ಯಾನ್ಸರ್ ನೋಂದಣಿಗೆ ಇದೇ ನೆಲೆಯಾಯಿತು. ರೋಗಿಗಳು ತಾವಾಗಿ ಬಂದು ಹೆಸರು ಬರೆಸುವ ಏರ್ಪಾಡು ಇದಲ್ಲ. ಸಿಬ್ಬಂದಿಯೇ ಆಸ್ಪತ್ರೆ, ಪ್ರಯೋಗಶಾಲೆಗಳಿಗೆ ಹೋಗಿ, ಮರಣ ದಾಖಲೆಗಳನ್ನೂ ನೋಡಿ, ಒಬ್ಬರ ಹೆಸರು ಎರಡು ಸಲ ಬಾರದಂತೆ ಪಟ್ಟಿ ಮಾಡುತ್ತಾರೆ.

ಇಂಥ ಪಟ್ಟಿಯಿಂದ ಆಗುವ ಉಪಯೋಗವೇನು? ಬೆಂಗಳೂರಿನ ಹೆಂಗಸರಲ್ಲಿ ಬಾಯಿಯ ಕ್ಯಾನ್ಸರ್ ಹೆಚ್ಚೆಂಬುದು ಈ ಲೆಕ್ಕದಿಂದ ಸ್ಪಷ್ಟವಾಯಿತು. ನೋಂದಣಿಯಲ್ಲಿದ್ದ ರೋಗಿಗಳನ್ನು ರೋಗವಿಲ್ಲದವರೊಡನೆ ಹೋಲಿಸಿ ಡಾ. ಎ. ನಂದಕುಮಾರ್ ಮತ್ತು ಸಂಗಡಿಗರು 1990ರಲ್ಲಿ ಅಧ್ಯಯನ ಪ್ರಕಟಿಸಿದರು. ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಜಗಿಯುವವರಿಗೆ ಅಪಾಯ ಹೆಚ್ಚು, ಅದರಲ್ಲೂ ಹೆಂಗಸರಿಗೆ. ಜಗಿದ ವರ್ಷಗಳು, ದಿನದ ಸಂಖ್ಯೆ ಏರಿದಂತೆ ಅಪಾಯವೂ ಏರುತ್ತದೆ. ದವಡೆಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡೇ ಮಲಗುವುದು ಇನ್ನೂ ಕೇಡು. ಬೀಡಿ ಸಿಗರೇಟು ಮಾತ್ರ ಕೆಟ್ಟದ್ದು, ತಾಂಬೂಲ ಮನೆಯ ಮರ್ಯಾದೆ ಎಂದು ನಂಬಿದ್ದ ಸಮಾಜಕ್ಕೆ ಇದು ಸಣ್ಣ ಮಾತಾಗಿರಲಿಲ್ಲ.

ಬಾಯಿ ಕ್ಯಾನ್ಸರ್ ಬಚ್ಚಿಟ್ಟುಕೊಳ್ಳುವ ರೋಗವಲ್ಲ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ಅಗಲಿಸಲು ತೊಂದರೆ ಇವು ಎಚ್ಚರಿಕೆಯ ಚಿಹ್ನೆಗಳು. ಆರಂಭದಲ್ಲಿ ನೋವಿಲ್ಲದಿರಬಹುದು, ಜನ ತಡಮಾಡುವುದು ಅದಕ್ಕೇ. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಜನರ ಬಾಯಿಯನ್ನು ಬರಿಗಣ್ಣಿನಿಂದ ಪರೀಕ್ಷಿಸಿದರು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ 34ರಷ್ಟು ಇಳಿದದ್ದು 2005ರಲ್ಲಿ ಪ್ರಕಟವಾಯಿತು.

ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಮೂವತ್ತು ದಾಟಿದವರ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳ ಕಾರ್ಯಕ್ರಮದಲ್ಲಿದೆ. ಆದರೆ ಕಾನೂನು ನಮ್ಮ ದವಡೆಯೊಳಗೆ ಇಣುಕಿ ನೋಡದು. ಕನ್ನಡಿಯ ಮುಂದೆ ಬಾಯಿ ತೆರೆದು ನೋಡಿಕೊಳ್ಳುವ, ಮನೆಯ ಹಿರಿಯರನ್ನೂ ತಪಾಸಣೆಗೆ ಕರೆದೊಯ್ಯುವ ಕೆಲಸ ನಮ್ಮದೇ.